ಕಾಶವ್ವನ ಗೂಡಿನ ಚಿಲಕ

ನಮ್ಮೂರಿಗೆ ಕೂಗು ಗಾಳಿಯಲ್ಲಿ ಬರುವುದಿಲ್ಲ, ನೆಲದ ಮೇಲೆ ಉರುಳಿಕೊಂಡು ಬರುತ್ತದೆ. ಸುತ್ತಲಿನ ಗುಡ್ಡಗಳಲ್ಲಿ, ಕುರಿಹಟ್ಟಿಗಳಲ್ಲಿ, ಕಲ್ಲುಗಣಿಯ ಗುಡಿಸಲುಗಳಲ್ಲಿ ಯಾರಾದರೂ ನಮ್ಮೂರಿನವರ ಹೆಸರು ಹಿಡಿದು ಕೂಗಿದರೆ, ಆ ಕೂಗು ಬೋರೆಹಣ್ಣಿನಷ್ಟು ದಪ್ಪದ ಕಲ್ಲಾಗಿ ಇಳಿಜಾರು ಹಿಡಿದು ಬಂದು, ಊರಿನ ಎಂಟು ಅಗಸಿಗಳಲ್ಲಿ, ಅಂದರೆ ಊರಬಾಗಿಲುಗಳಲ್ಲಿ, ಯಾವುದಾದರೊಂದರ ಮುಂದೆ ನಿಲ್ಲುತ್ತದೆ. ಹೊಸದಾಗಿ ಬಂದ ಕಲ್ಲು ಬೆಚ್ಚಗಿರುತ್ತದೆ. ಎತ್ತಿಕೊಂಡರೆ ಅದು ಯಾರ ಮನೆಯದು ಎಂದು ಅಂಗೈಗೆ ತಿಳಿಯುತ್ತದೆ. ಒಳಗಿನ ಮಾತು ಮಾತ್ರ ಯಾರ ಹೆಸರಿಗೆ ಬಂದಿದೆಯೋ ಅವರ ಕಿವಿಗಷ್ಟೇ ಕೇಳುತ್ತದೆ. ಹೀಗೆ ಕಲ್ಲು ಎತ್ತಿ ಮನೆಗೆ ಮುಟ್ಟಿಸುವವರು ನಾವು, ಕರೆಯವರು. ಅಗಸಿಗೆ ಇಪ್ಪತ್ತೈದು ಮಂದಿಯಂತೆ ಇನ್ನೂರು ಜನ. ನಾನು ಶಂಕ್ರವ್ವ, ಮೂಡಣ ಅಗಸಿಯವಳು. ಗಂಡ ಸತ್ತ ವರ್ಷ ಅವನ ಜಾಗದಲ್ಲಿ ಹೋಗಿ ನಿಂತೆ. ಹದಿನೇಳು ವರ್ಷವಾಯಿತು, ಅಲ್ಲೇ ಇದ್ದೇನೆ.

ಪ್ರತಿ ಮನೆಯ ಹೊರಗೋಡೆಯಲ್ಲೂ ಒಂದು ಗೂಡಿದೆ. ಗೂಡಿಗೆ ಒಂದು ಪುಟ್ಟ ಬಾಗಿಲು, ಬಾಗಿಲಿಗೆ ಒಂದು ಚಿಲಕ. ಕರೆಯವರು ಚಿಲಕ ಸರಿಸಿ ಕಲ್ಲನ್ನು ಒಳಗಿಡಬೇಕು. ಮನೆಯವರು ಅದೇ ಚಿಲಕ ಸರಿಸಿ ಹೊರಗೆ ತೆಗೆದುಕೊಳ್ಳಬೇಕು. ಆ ಚಿಲಕದ ಮೇಲೆ ಒಂದು ಹೊತ್ತಿಗೆ ಒಂದೇ ಕೈ ಇರಬೇಕು. ಎರಡು ಕೈ ಒಟ್ಟಿಗೆ ತಾಗಿದರೆ ಒಳಗಿರುವ ಕಲ್ಲುಗಳೆಲ್ಲ ತಣ್ಣಗಾಗಿ ಮೂಕವಾಗುತ್ತವೆ. ಅದಕ್ಕೇ ನಮ್ಮೂರಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ಸರದಿ ನಿಲ್ಲುವುದನ್ನು ಕಲಿಸುತ್ತಾರೆ. ಇದಲ್ಲದೆ ನಮ್ಮ ಕರೆಯವರದ್ದೇ ಒಂದು ಕಟ್ಟಳೆ ಇತ್ತು: ಎತ್ತಿದ ಕೈಯೇ ಇಡಬೇಕು, ಅದೂ ಒಂದು ಸಲಕ್ಕೆ ಒಂದೇ ಕಲ್ಲು. ನಾನು ಎತ್ತಿದ ಕಲ್ಲನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ, ಹಡೆದವಳು ಕೂಸನ್ನು ದಾರಿಹೋಕರಿಗೆ ಕೊಟ್ಟಂತೆ ಎಂದು ಹಿರಿಯರು ಹೇಳುತ್ತಿದ್ದರು. ಕೊಟ್ಟರೆ ಏನಾಗುತ್ತದೆ ಎಂದು ಯಾರೂ ನೋಡಿರಲಿಲ್ಲ, ಏಕೆಂದರೆ ಯಾರೂ ಕೊಟ್ಟಿರಲಿಲ್ಲ.

ಊರಿನಲ್ಲೆಲ್ಲ ಹೆಚ್ಚು ಕಲ್ಲು ಬರುತ್ತಿದ್ದದ್ದು ಕಾಶವ್ವನ ಮನೆಗೆ. ಕಾಶವ್ವ ಸೂಲಗಿತ್ತಿ. ಅರವತ್ತು ದಾಟಿದ ಎತ್ತರದ ಹೆಂಗಸು, ಗಂಡಸರಿಗಿಂತ ದೊಡ್ಡ ಕೈಗಳು. ಗುಡ್ಡದ ಆಚೆಯ ಹಟ್ಟಿಯಲ್ಲಿ ಯಾವ ಹೆಂಗಸಿಗೆ ನೋವು ಕಾಣಿಸಿಕೊಂಡರೂ ಮನೆಯವರು ಮೊದಲು ಮಾಡುತ್ತಿದ್ದ ಕೆಲಸ, ಹೊರಗೆ ಬಂದು "ಕಾಶವ್ವಾ" ಎಂದು ಕೂಗುವುದು. ಅವಳು ಗೂಡಿನಿಂದ ಕಲ್ಲು ತೆಗೆದು ಕಿವಿಗೆ ಹಿಡಿದು, ಯಾವ ಹಟ್ಟಿ, ಎಷ್ಟು ಹೊತ್ತಾಯಿತು ಎಂದು ಕೇಳಿಕೊಂಡು, ಬಾಗಿಲ ಬಳಿ ಸದಾ ಸಿದ್ಧವಿರುತ್ತಿದ್ದ ಗಂಟನ್ನು ಹೆಗಲಿಗೆ ಹಾಕಿ ಹೊರಟುಬಿಡುತ್ತಿದ್ದಳು. ಅವಳು ಓಡುವುದನ್ನು ನಾನು ಕಂಡಿಲ್ಲ. ಆದರೆ ಅವಳ ನಡಿಗೆಯ ಜೊತೆ ಹೆಜ್ಜೆ ಹಾಕಬೇಕಾದರೆ ನಾವು ಓಡಬೇಕಿತ್ತು.

ಹೋಳಿ ಮುಗಿದು ಬಿಸಿಲು ಬಲಿಯುತ್ತಿದ್ದ ದಿನಗಳು. ಒಂದು ಬೆಳಗ್ಗೆ ಅಗಸಿಗೆ ಹೋದವಳು ಹಾಗೆಯೇ ನಿಂತುಬಿಟ್ಟೆ. ಇಳಿಜಾರಿನ ತುಂಬ ಕಲ್ಲು. ಕಣದಲ್ಲಿ ಕಡಲೆ ಸುರಿದ ಹಾಗೆ ಉರುಳಿ ಬರುತ್ತಲೇ ಇದ್ದವು. ಒಂದನ್ನು ಎತ್ತಿದೆ, ಕಾಶವ್ವನದು. ಇನ್ನೊಂದನ್ನು ಮುಟ್ಟಿದೆ, ಅದೂ ಕಾಶವ್ವನದು. ನನ್ನ ಪಕ್ಕದವರು ಎತ್ತಿದ್ದೂ ಕಾಶವ್ವನದೇ. "ಏನಾತವಾ ಇದು, ಗುಡ್ಡದಾಗಿನ ಹೆಂಗಸ್ರೆಲ್ಲಾ ಒಂದ ದಿನ ಹಡಿಯಾಕ ಕುಂತ್ರೇನು?" ಎಂದು ಯಾರೋ ನಕ್ಕರು. ನಗು ಅದೊಂದು ಬೆಳಗ್ಗೆಗೆ ಮುಗಿಯಿತು.

ಎಂಟು ಅಗಸಿಗಳಿಂದಲೂ ಕರೆಯವರು ಕಾಶವ್ವನ ಓಣಿಗೆ ಬಂದು ತುಂಬಿದರು. ಓಣಿ ಸಣ್ಣದು, ಗೂಡು ಒಂದೇ, ಚಿಲಕ ಒಂದೇ. ಒಬ್ಬರು ಇಟ್ಟು ಹಿಂದೆ ಸರಿಯುವಷ್ಟರಲ್ಲಿ ಹತ್ತು ಜನ ಬಂದು ಸೇರುತ್ತಿದ್ದರು. ಕಾಶವ್ವ ಮೊದಲ ದಿನ ಹೇಗೋ ಒಂದು ಹಿಡಿ ತೆಗೆದುಕೊಂಡು ಕಿವಿಗೆ ಹಿಡಿದು ನೋಡಿದಳು. "ಯಾರೋ ಗಂಡಸು. ಬರೀ ಹೆಸರ ಕರೀತಾನ. ಎಲ್ಲಿಗೆ ಬರಬೇಕು, ಯಾರಿಗೆ ನೋವು, ಏನೂ ಹೇಳವಲ್ಲ. ಎಲ್ಲಾ ಕಲ್ಲಿನಾಗೂ ಅದ ದನಿ" ಎಂದಳು. ಎರಡನೆಯ ದಿನ ಅವಳ ಕೈಗೆ ಗೂಡು ಸಿಗಲೇ ಇಲ್ಲ. ಬಾಗಿಲಲ್ಲಿ ನಿಂತು ನಮ್ಮ ತಲೆಗಳ ಸಮುದ್ರವನ್ನು ನೋಡುತ್ತ, "ನನ್ನ ಮನಿ ಗೂಡು ನಾನ ತೆರೀಲಾರದಂಗ ಆತಲ್ಲೋ" ಎಂದಳು. ಸರದಿ ಅವಳಿಗೂ ಒಂದೇ. ಮುನ್ನೂರು ಹೆಜ್ಜೆ ಉದ್ದದ ಸಾಲಿನ ಕೊನೆಯಲ್ಲಿ ಹೋಗಿ ನಿಂತರೆ ಸಂಜೆಯಾಗುತ್ತಿತ್ತು.

ಬರೀ ಅವಳ ಮನೆಯ ಕಷ್ಟವಾಗಿದ್ದರೆ ಊರು ತಾಳಿಕೊಳ್ಳುತ್ತಿತ್ತೋ ಏನೋ. ಆದರೆ ಇನ್ನೂರು ಕರೆಯವರೂ ಅದೇ ಓಣಿಯಲ್ಲಿ ಒಂದೊಂದು ಕಲ್ಲು ಹಿಡಿದು ನಿಂತುಬಿಟ್ಟರೆ ಉಳಿದ ಮನೆಗಳ ಕಲ್ಲು ಎತ್ತುವವರು ಯಾರು? ಅಗಸಿಗಳಲ್ಲಿ ಬೆಚ್ಚಗಿನ ಕಲ್ಲುಗಳು ಬಿದ್ದಲ್ಲೇ ಬಿದ್ದಿದ್ದವು. ಗಾಣದ ಮನೆಯವರಿಗೆ ಎತ್ತು ಬಾವಿಗೆ ಬಿದ್ದ ಸುದ್ದಿ ಮುಟ್ಟಲಿಲ್ಲ. ಒಬ್ಬ ತಂದೆಗೆ ಮಗಳು ಹಬ್ಬಕ್ಕೆ ಬರುವುದಿಲ್ಲವೆಂಬ ಮಾತು ಹಬ್ಬ ಮುಗಿದ ಮೇಲೆ ಮುಟ್ಟಿತು. ನಾವೋ, ಬಿಸಿಲಲ್ಲಿ ನಿಂತು ನಿಂತು ಬೈದಾಡುವುದನ್ನು ಕಲಿತೆವು. ಕೆಲಸ ಮಾಡಿ ದಣಿದದ್ದಲ್ಲ, ಕಾದೇ ದಣಿದೆವು.

ನಾಲ್ಕನೆಯ ದಿನ ಆಗಬಾರದ್ದು ಆಯಿತು. ನೂಕುನುಗ್ಗಲಿನಲ್ಲಿ ಬಡಗಣ ಅಗಸಿಯವನೊಬ್ಬ ಚಿಲಕ ಬಿಡುವ ಮೊದಲೇ ಪಡುವಣ ಅಗಸಿಯವನೊಬ್ಬ ಕೈ ಹಾಕಿದ. ಗೂಡಿನೊಳಗಿಂದ, ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಂಥ ಒಂದು ಸದ್ದು ಬಂತು, ಅಷ್ಟೆ. ಎಲ್ಲರೂ ಹಿಂದೆ ಸರಿದು ದಾರಿ ಬಿಟ್ಟೆವು. ಕಾಶವ್ವ ಬಂದು ಬಾಗಿಲು ತೆರೆದು ಕಲ್ಲುಗಳನ್ನು ಒಂದೊಂದಾಗಿ ಕಿವಿಗೆ ಹಿಡಿದಳು. ನೂರ ಹದಿನಾಲ್ಕು ಕಲ್ಲು. ಒಂದೂ ಮಾತಾಡಲಿಲ್ಲ. ಅವುಗಳಲ್ಲಿ ಎಲ್ಲವೂ ಆ ಗಂಡಸಿನವೇ ಇದ್ದವೋ, ನಡುವೆ ಯಾವಳೋ ಒಬ್ಬಳ ಕರೆ ಇತ್ತೋ, ಇವತ್ತಿಗೂ ಗೊತ್ತಿಲ್ಲ. ಕಾಶವ್ವ ಯಾರನ್ನೂ ಬೈಯಲಿಲ್ಲ. ತಣ್ಣಗಿನ ಕಲ್ಲುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಮಧ್ಯಾಹ್ನ ಕರೆಯವರೆಲ್ಲ ಅರಳಿಕಟ್ಟೆಗೆ ಕೂಡಿದೆವು. ಕಾಶವ್ವನ ಹೆಸರಿನ ಕಲ್ಲುಗಳನ್ನೆಲ್ಲ ಎತ್ತಿ ಹಾಳುಬಾವಿಗೆ ಸುರಿಯೋಣ ಎಂದು ಕೆಲವರು ಅಂದರು. "ಒಂದು ಖರೇ ಇದ್ರ?" ಎಂದು ಕೇಳಿದೆ. "ಸಾವಿರದಾಗ ಒಂದು ಇರ್ತೈತಿ, ಅಷ್ಟ" ಎಂದರು. ಆ ಒಂದು ಎಂಥದೆಂದು ನನಗೆ ಗೊತ್ತಿತ್ತು. ಹನ್ನೊಂದು ತಿಂಗಳ ಹಿಂದೆ ಅಂಥದೊಂದು ಕಲ್ಲು ನನ್ನ ಕೈಯಲ್ಲಿತ್ತು. ಕಾಶವ್ವನ ಗೂಡಿನ ಮುಂದೆ ಪಡುವಣ ಅಗಸಿಯ ಹೆಂಗಸೊಬ್ಬಳೂ ನಾನೂ ಒಟ್ಟಿಗೆ ಬಂದೆವು. ನಾ ಮೊದಲು, ನೀ ಮೊದಲು ಎಂದು ಜಗಳವಾಯಿತು. ಹಳೆಯ ಸಿಟ್ಟು ಏನೇನೋ ಇತ್ತು, ಎಲ್ಲ ಹೊರಗೆ ಬಂತು. ಕೊನೆಗೆ ನಾನು ಕಲ್ಲಿಟ್ಟೆ, ಕಾಶವ್ವ ಕೇಳಿಸಿಕೊಂಡು ಹೊರಟಳು. ಕಲ್ಲುಗಣಿಯ ಬರಮಪ್ಪ ಹೆಂಡತಿಯ ಹೆರಿಗೆಗೆ ಕೂಗಿದ ಕರೆ ಅದು. ಕಾಶವ್ವ ಮುಟ್ಟುವಷ್ಟರಲ್ಲಿ ತಾಯಿ ಹೋಗಿದ್ದಳು. ಕೂಸನ್ನಷ್ಟೇ ಉಳಿಸಿ ಕೊಟ್ಟು ಬಂದಳು. ಜಗಳದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಐದನೆಯ ದಿನ ಬೆಳಗ್ಗೆ ಸಾಲಿನಲ್ಲಿ ನಿಂತಿದ್ದೆ. ಹಿಂದೆ ತಿರುಗಿ ನೋಡಿದರೆ ನನ್ನದೇ ಅಗಸಿಯ ಒಂಬತ್ತು ಜನ, ಒಬ್ಬೊಬ್ಬರ ಕೈಯಲ್ಲೂ ಒಂದೊಂದೇ ಕಲ್ಲು. ನಾನೂ ಸೇರಿ ಹತ್ತು ಜನ ಹತ್ತು ಸಲ ಆ ಚಿಲಕ ಮುಟ್ಟಲು ಕಾಯುತ್ತಿದ್ದೇವೆ ಅನ್ನಿಸಿತು. ಯೋಚಿಸಿ ಮಾಡಿದ್ದಲ್ಲ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿಕೊಂಡೆ. "ನಿಮ್ಮ ಕಲ್ಲು ಇದರಾಗ ಹಾಕ್ರಿ. ನನ್ನ ಸರದಿ ಬಂದಾಗ ಎಲ್ಲಾ ಒಮ್ಮಿಗೇ ಇಡ್ತೀನಿ. ನೀವು ಅಗಸಿಗೆ ಹೋಗ್ರಿ" ಎಂದೆ.

ಒಂಬತ್ತು ಜನವೂ ನನ್ನ ಮುಖ ನೋಡಿದರು. ನಮ್ಮ ಅಗಸಿಯ ಹಿರಿಯ ಮೋದೀನಸಾಬ ಎರಡು ಹೆಜ್ಜೆ ಮುಂದೆ ಬಂದ. ಎಂಬತ್ತರ ಹತ್ತಿರದ ಮನುಷ್ಯ, ನನ್ನ ಗಂಡನಿಗೆ ಕೆಲಸ ಕಲಿಸಿದವನು. "ಶಂಕ್ರವ್ವ, ತಲಿ ಕೆಟ್ಟೈತೇನು ನಿಂದು? ಎತ್ತಿದ ಕೈನ ಇಡಬೇಕು. ಬ್ಯಾರೆ ಕೈಗೆ ಹೋದ್ರ ಕಲ್ಲು ಸಾಯ್ತೈತಿ."

"ಸತ್ತದ್ದು ನೋಡಿರೇನು ಅಣ್ಣಾ?"

"ನೋಡಿಲ್ಲ. ನನ್ನಪ್ಪ ಹೇಳ್ಯಾನ."

"ನಿನ್ನೆ ಎರಡು ಕೈ ಒಂದಾಗಿ ನೂರು ಕಲ್ಲು ಸತ್ತದ್ದು ನಾವ ನೋಡೀವಿ. ಇದೊಂದು ಸಲ ಹಾಕ್ರಿ. ಸತ್ರ ನನ್ನ ಹೊರಗ ಹಾಕ್ರಿ."

ಹಿಂದಿನಿಂದ ಒಬ್ಬಳು ಬಂದು ಕಣ್ಣು ಮುಚ್ಚಿಕೊಂಡು ತನ್ನ ಕಲ್ಲನ್ನು ನನ್ನ ಉಡಿಗೆ ಹಾಕಿದಳು. ಇನ್ನೊಬ್ಬ ಹಾಕಿದ. ಹೀಗೆ ಎಂಟು. ಮೋದೀನಸಾಬ ಮಾತ್ರ ಮುಷ್ಟಿ ಬಿಗಿದುಕೊಂಡು ನನ್ನ ಹಿಂದೆಯೇ ನಿಂತ. ನನ್ನ ಸರದಿ ಬಂದಾಗ ಚಿಲಕ ಸರಿಸಿ, ನನ್ನದೂ ಸೇರಿ ಒಂಬತ್ತು ಕಲ್ಲು ಒಳಗೆ ಸುರಿದೆ. ಓಣಿಯವರೆಲ್ಲ ಸೇರಿ ಕಾಶವ್ವನಿಗೆ ಸರದಿ ಬಿಟ್ಟುಕೊಟ್ಟರು. ಅವಳು ನಾನು ಸುರಿದವನ್ನು ಕಿವಿಗೆ ಹಿಡಿದಳು. ಅವಳು ಒಂದೊಂದನ್ನೂ ಕೇಳಿ ಕೇಳಿ ಕೆಳಗಿಟ್ಟಳು. ಒಂಬತ್ತನೆಯದನ್ನು ಇಟ್ಟ ಮೇಲೆ, "ಎಲ್ಲಾ ಮಾತಾಡ್ತಾವ" ಎಂದಳು.

ಓಣಿಯಲ್ಲಿ ಒಂದು ಉಸಿರು ಎದ್ದಿತು. ಇನ್ನೂರು ಜನ ಒಟ್ಟಿಗೆ ಉಸಿರು ಬಿಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟು ತಲೆಮಾರಿನ ಕೈಗಳು ಒಂದೊಂದೇ ಕಲ್ಲು ಹಿಡಿದು ಈ ಓಣಿಗಳಲ್ಲಿ ನಿಂತಿದ್ದವೋ!

ಮೊದಲು ಓಣಿಯ ಬಾಯಲ್ಲಿ ಎಲ್ಲರಿಗೂ ಸೇರಿ ಒಂದು ದೊಡ್ಡ ಬುಟ್ಟಿ ಇಟ್ಟೆವು. ಕೆಲಸವಾಗಲಿಲ್ಲ. ಎಂಟು ಕಡೆಯವರು ಒಂದೇ ಬುಟ್ಟಿಯ ಮೇಲೆ ಬಾಗಿ ತಲೆಗೆ ತಲೆ ಹೊಡೆದುಕೊಂಡರು. ಮರುದಿನ ಎಂಟು ಬುಟ್ಟಿ ತಂದು ಎಂಟು ಕಡೆ ಇಟ್ಟೆವು, ಆಯಾ ಅಗಸಿಯವರು ಓಣಿಗೆ ಬರುವ ದಾರಿಯಲ್ಲೇ. ಆದರೆ ಬುಟ್ಟಿಯಲ್ಲಿದ್ದುದನ್ನು ಗೂಡಿಗೆ ಒಯ್ಯುವವರು ಯಾರು? ಪಾಳಿ ಹಾಕಿದರೆ ಪಾಳಿಯವನು ಬಾರದಿದ್ದರೆ ಏನು ಗತಿ? ಇದನ್ನು ಬಿಡಿಸಿದ್ದು ಯಾರ ಬುದ್ಧಿಯೂ ಅಲ್ಲ, ನಡೆಯುತ್ತ ನಡೆಯುತ್ತ ತಾನೇ ಬಿಡಿಸಿಕೊಂಡಿತು. ಬುಟ್ಟಿ ಖಾಲಿ ಇದ್ದಾಗ ಯಾರು ಬರುತ್ತಾರೋ ಅವರು ತಮ್ಮ ಕಲ್ಲು ಹಾಕಿ ಚಿಲಕದ ಸರದಿಗೆ ಹೋಗಿ ನಿಲ್ಲಬೇಕು. ಬುಟ್ಟಿಯಲ್ಲಿ ಆಗಲೇ ಕಲ್ಲು ಕಂಡರೆ, ತಮ್ಮದನ್ನೂ ಹಾಕಿ ಹಿಂದಿರುಗಿ ನೋಡದೆ ಅಗಸಿಗೆ ಹೋಗಬೇಕು, ಏಕೆಂದರೆ ತಮಗಿಂತ ಮೊದಲು ಯಾರೋ ಬಂದಿದ್ದಾರೆ, ಅವರು ಸರದಿಯಲ್ಲಿದ್ದಾರೆ. ಸರದಿ ಬಂದವರು ಓಡಿಬಂದು ಬುಟ್ಟಿಯಲ್ಲಿ ಎಷ್ಟಿದೆಯೋ ಅಷ್ಟನ್ನೂ ಉಡಿಗೆ, ಪಂಚೆಗೆ ಸುರಿದುಕೊಂಡು ಹೋಗಿ ಗೂಡಿಗೆ ಹಾಕಬೇಕು.

ಮೋದೀನಸಾಬ ಕಟ್ಟೆಯ ಮೇಲೆ ಕೂತು ಕೇಳಿದ. "ಅಲ್ಲವಾ, ನಾ ಹಾಕೂದಕ್ಕೂ ಅಂವಾ ಬುಟ್ಟಿ ಬರಿದು ಮಾಡ್ಕೊಂಡು ಹೋಗೂದಕ್ಕೂ ಒಂದ ಹೊತ್ತಾದ್ರ? ನನ್ನ ಕಲ್ಲು ಹಿಂದ ಉಳೀತಲ್ಲ."

"ಹಂಗಾದ್ರ ನೀವು ಖಾಲಿ ಬುಟ್ಟಿಗೆ ಹಾಕಿದಂಗ ಆತು ಅಣ್ಣಾ. ನೀವ ಮೊದಲ್ನೇರು. ನೀವ ನಿಲ್ರಿ."

ಅವನು ಬೆರಳು ಮಡಚಿ ಏನೇನೋ ಎಣಿಸಿ ನೋಡಿದ. ತಪ್ಪು ಸಿಗಲಿಲ್ಲ. ಆದರೂ ಎದ್ದು, ತನ್ನ ಒಂದೇ ಕಲ್ಲನ್ನು ಹಿಡಿದು ಹಳೆಯ ಪದ್ಧತಿಯಂತೆ ಸರದಿಗೆ ಹೋಗಿ ನಿಂತ. ಸರದಿಯಲ್ಲಿ ಈಗ ಎಂಟು ಜನರಿಗಿಂತ ಹೆಚ್ಚಿಗೆ ಇರುತ್ತಿರಲಿಲ್ಲ. ಒಂಬತ್ತನೆಯವನು ಅವನು.

ಆ ಮಧ್ಯಾಹ್ನ ನಾನು ಕಲ್ಲು ಹಾಕಿ ಅಗಸಿಗೆ ಹಿಂದಿರುಗುತ್ತಿದ್ದೆ. ಓಣಿಯಲ್ಲಿ ನನ್ನ ಹೆಜ್ಜೆಯ ಸದ್ದು ನನಗೇ ಕೇಳಿಸಿತು. ನಿಂತು ನೋಡಿದೆ. ನಿನ್ನೆಯವರೆಗೆ ಬೆವರು, ಬೈಗುಳ ತುಂಬಿದ್ದ ಓಣಿ ಗುಡಿಸಿದ ಅಂಗಳದಂತಿತ್ತು. ಕಲ್ಲುಗಳೇನೂ ಕಡಿಮೆಯಾಗಿರಲಿಲ್ಲ, ಮೊದಲಿಗಿಂತ ಹೆಚ್ಚೇ ಬರುತ್ತಿದ್ದವು. ಆದರೆ ಎಂಟು ಕಡೆಯಿಂದ ಜನ ಬರುತ್ತಿದ್ದರು, ಬಾಗುತ್ತಿದ್ದರು, ಹೋಗುತ್ತಿದ್ದರು. ಎದುರಾದವರು ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರು. ದೂರದ ಓಣಿಗಳಿಂದ ಬೇರೆ ಬೇರೆ ಮನೆಗಳ ಚಿಲಕ ಸರಿಯುವ ಸದ್ದು ಟಕ್, ಟಕ್ ಎಂದು ಕೇಳಿಬರುತ್ತಿತ್ತು. ಐದು ದಿನ ನಿಂತುಹೋಗಿದ್ದ ಊರು ಮತ್ತೆ ಮಾತಾಡಲು ತೊಡಗಿತ್ತು. ಇಷ್ಟೊಂದು ಜನ, ಯಾರ ಮುಖ ಯಾರೂ ನೋಡದೆ, ಯಾರೋ ಒಯ್ಯುತ್ತಾರೆ ಎಂದು ಕೈ ಬಿಚ್ಚಿ ಹೋಗುತ್ತಿದ್ದಾರಲ್ಲ! ನಾನು ಗುಡಿಯಲ್ಲೂ ಅಷ್ಟು ಭಕ್ತಿಯಿಂದ ಕೈ ಮುಗಿದವಳಲ್ಲ. ಅಲ್ಲಿ, ನಡುಓಣಿಯಲ್ಲಿ, ಸುಮ್ಮನೆ ಕೈ ಮುಗಿದೆ.

ಏಳನೆಯ ದಿನ ಮೋದೀನಸಾಬ ನಮ್ಮ ಬುಟ್ಟಿಯ ಹತ್ತಿರ ಬಂದು ನಿಂತ. ಬಿಸಿಲಿಗೆ ಅವನ ಮಂಡಿ ಸೋತಿತ್ತು. ಬುಟ್ಟಿ ಖಾಲಿ ಇತ್ತು. ಅವನು ಕೈ ಚಾಚಿದ, ಆದರೆ ಬೆರಳು ಬಿಚ್ಚಲಿಲ್ಲ. ನಾನು ನೋಡದವಳಂತೆ ಪಕ್ಕಕ್ಕೆ ತಿರುಗಿದೆ. ಸ್ವಲ್ಪ ಹೊತ್ತಿಗೆ ಕಲ್ಲು ಬುಟ್ಟಿಯ ತಳಕ್ಕೆ ಬಿದ್ದ ಸದ್ದು ಕೇಳಿತು. ಅವನು ಸರದಿಗೆ ಹೋದ. ಸರದಿ ಬಂದಾಗ ಬುಟ್ಟಿಯಲ್ಲಿ ನಲವತ್ತು ಕಲ್ಲು ಸೇರಿದ್ದವು. ಮುಂಡಾಸು ಬಿಚ್ಚಿ ಅದರಲ್ಲಿ ಕಟ್ಟಿಕೊಂಡು ಹೋಗಿ ಗೂಡಿಗೆ ಸುರಿದು ಬಂದ. ಬಂದವನೇ ನನ್ನ ಮುಂದೆ ತನ್ನ ಎರಡೂ ಅಂಗೈ ಚಾಚಿದ. "ನೋಡು ಶಂಕ್ರವ್ವ. ಅರವತ್ತು ವರ್ಷ ಕಲ್ಲು ಹೊತ್ತೀನಿ. ಇವತ್ತಿನಷ್ಟು ಭಾರ ಎಂದೂ ಇರಲಿಲ್ಲ. ನಲವತ್ತು ಮಂದಿ ಕೈ ನನ್ನ ಕೈಯಾಗ ಇದ್ದವು" ಎಂದ. ಕಣ್ಣು ಒದ್ದೆಯಾಗಿದ್ದವು.

ಕಾಶವ್ವನಿಗೆ ಈಗ ಗೂಡು ಸಿಗುತ್ತಿತ್ತು. ಎಂಟು ಜನರ ನಡುವೆ ಒಂಬತ್ತನೆಯವಳಾಗಿ ನಿಂತು, ತನ್ನ ಸರದಿಗೆ ಗೂಡನ್ನು ಪೂರ್ತಿ ಬರಿದು ಮಾಡಿಕೊಂಡು ಕಟ್ಟೆಗೆ ಬಂದು ಕೂರುತ್ತಿದ್ದಳು. ಒಂದೊಂದನ್ನೇ ಕೇಳಿದರೆ ಮುಗಿಯುವಂತಿರಲಿಲ್ಲ. ಹಿಡಿ ತುಂಬ ಎತ್ತಿ ಕಿವಿಗೆ ಹಿಡಿಯುತ್ತಿದ್ದಳು, ಒಂದು ಹಿಡಿ ಕೇಳಿ ಇನ್ನೊಂದು ಹಿಡಿ. ಬೆಳಗಿನಿಂದ ಸಂಜೆಯವರೆಗೆ ಒಬ್ಬ ಗಂಡಸು ತನ್ನ ಹೆಸರು ಕೂಗುವುದನ್ನು ಕೇಳುತ್ತ ಕೂತ ಅವಳ ಮುಖವನ್ನು ನೋಡಲಾಗುತ್ತಿರಲಿಲ್ಲ. "ಸಾಕು ಮಾಡವ್ವಾ, ಒಂದೀಟು ಮಲಗು" ಎಂದೆ. "ಇದರಾಗ ಒಬ್ಬಾಕಿ ಇದ್ರ?" ಎಂದಳು. ಅರಳಿಕಟ್ಟೆಯಲ್ಲಿ ನಾನು ಆಡಿದ ಮಾತೇ.

ಎಂಟನೆಯ ದಿನ ಬಿಸಿಲು ಏರುವ ಹೊತ್ತು. ಹಿಡಿಯೊಂದನ್ನು ಕಿವಿಗೆ ಹಿಡಿದವಳು ಹಾಗೇ ಕೂತಳು. ಹಿಡಿಯಿಂದ ಒಂದೊಂದೇ ಕಲ್ಲನ್ನು ಕೆಳಗೆ ಬಿಟ್ಟಳು. ಕೊನೆಗೆ ಒಂದು ಉಳಿಯಿತು. "ಇದು ಬ್ಯಾರೆ" ಎಂದಳು. ಎದ್ದು ಒಳಗೆ ಹೋಗಿ ಗಂಟು ತಂದಳು. ಕಲ್ಲು ಅವಳಿಗೆ ಹೇಳಿದ್ದು ಇಷ್ಟು: ಮೇಲಿನ ಕುರಿಹಟ್ಟಿಯ ಲಚಮವ್ವ, ಮೊದಲ ಬಸಿರು, ಕೂಸು ಅಡ್ಡ ಬಂದಿದೆ. ಅತ್ತೆ ಕೂಗಿದ್ದು. "ನೀ ನನ್ನ ಸಂಗಾಟ ಬಾ. ಒಬ್ಬಾಕಿ ಹಿಡಕೊಳ್ಳಾಕ ಬೇಕು" ಎಂದು ನನಗೆ ಹೇಳಿ ನಡೆದಳು. ನಾನು ಓಡಿದೆ.

ಹಟ್ಟಿಯ ಗುಡಿಸಲಲ್ಲಿ ನಾಲ್ಕು ಗಳಿಗೆ ಏನೇನಾಯಿತು ಎಂದು ಹೇಳುವುದು ನನಗೆ ಬರುವುದಿಲ್ಲ. ಲಚಮವ್ವನ ಹೆಗಲು ಹಿಡಿದು ಕೂತಿದ್ದೆ. ಅವಳು ಕೂಗುವುದನ್ನು ಬಿಟ್ಟು ಬರೀ ನೋಡುತ್ತಿದ್ದಳು. ಕಾಶವ್ವ ಎಣ್ಣೆ ಹಚ್ಚಿದ ಕೈಯಿಂದ ಹೊಟ್ಟೆಯ ಮೇಲೆ ಕೂಸಿನ ತಲೆ ಹುಡುಕಿ, ಗೋಡೆ ಒರೆಸಿದಷ್ಟು ನಿಧಾನವಾಗಿ ತಿರುಗಿಸುತ್ತ, "ಬಾ ನನ್ನಪ್ಪಾ, ದಾರಿ ಇತ್ಲಾಗೈತಿ, ಇತ್ಲಾಗ" ಎಂದು ಮಾತಾಡಿಸುತ್ತಿದ್ದಳು. ಹೊಟ್ಟೆಯೊಳಗೆ ಕೂಸು ಹೊರಳಿದ್ದನ್ನು ನಾನು ಕಣ್ಣಾರೆ ಕಂಡೆ, ಕೆರೆಯ ನೀರಿನಡಿ ದೊಡ್ಡ ಮೀನು ತಿರುಗಿದ ಹಾಗೆ. ಹೊತ್ತು ಇಳಿಯುವ ಮೊದಲು ಗಂಡು ಹುಟ್ಟಿತು. ಅತ್ತೆ ಹೊರಗೆ ಹೋಗಿ ಯಾರ ಹೆಸರೂ ಹಿಡಿಯದೆ ಸುಮ್ಮನೆ ಕೂಗಿದಳು.

ಕೈ ತೊಳೆಯುತ್ತ ಕಾಶವ್ವ ಹೇಳಿದಳು. "ಆ ಗಂಡಸಿನ ದನಿ ಯಾರದಂತ ಗುರ್ತು ಹತ್ತೈತಿ. ನಿನ್ನೆ ಸಂಜಿಮುಂದ ಗೊತ್ತಾತು. ಕಲ್ಲುಗಣಿ ಬರಮಪ್ಪ."

ನನ್ನ ಕೈಯಲ್ಲಿದ್ದ ತಂಬಿಗೆ ಓರೆಯಾಯಿತು.

"ಅಂವ ಏಳು ಬಾಯಿ ಕಣಿವ್ಯಾಗ ನಿಂತು ಕೂಗ್ತಿರಬೇಕು" ಎಂದಳು. "ಅಲ್ಲಿ ಒಂದ ಕೂಗಿಗೆ ಗುಡ್ಡ ಏಳೆಂಟು ಸಲ ತಿರುಗಿ ಕೂಗ್ತಾವು. ಅವೂ ಕಲ್ಲಾಗಿ ಬರ್ತಾವು. ಊರಾಗ ಹೇಳಬ್ಯಾಡ, ಬಡಿಯಾಕ ಹೋಗ್ತಾರ. ಮುಂಜಾನೆ ನಾ ಹೋಗಿ ಬರ್ತೀನಿ."

"ಬೈಯಾಕ?"

"ಅಂವ ಕರದಾನಲ್ಲ. ಇಷ್ಟು ಸಲ ಕರದಾನ. ಕರದೋರ ಮನೀಗೆ ಹೋಗಬೇಕಲ್ಲವಾ."

ಅಲ್ಲೇ, ಆ ಹಟ್ಟಿಯ ಅಂಗಳದಲ್ಲಿ, ಹನ್ನೊಂದು ತಿಂಗಳ ಹಿಂದಿನ ಜಗಳದ ಕತೆಯನ್ನು ಅವಳಿಗೆ ಹೇಳಿದೆ. ಕಾಶವ್ವ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನನಗ ಹೇಳಿ ಏನು ಬಂತು" ಎಂದಳು. ಅಷ್ಟೇ. ಮರುದಿನ ನಾನೂ ಹೊರಟೆ.

ಕಣಿವೆಯ ಬಾಯಿ ಮುಟ್ಟಲು ಅರ್ಧ ದಿನದ ಏರು. ಬರಮಪ್ಪ ಒಂದು ಬಂಡೆಯ ಮೇಲೆ ನಿಂತಿದ್ದ. ಸೊರಗಿ ಕೋಲಾಗಿದ್ದ. ಗಂಟಲು ಹೋಗಿತ್ತು, ಅವನು ಕೂಗಿದರೆ ಮುರುಕು ಬಾಗಿಲು ಉಜ್ಜಿದಂಥ ಸದ್ದು ಬರುತ್ತಿತ್ತು. ಆದರೂ ಗುಡ್ಡಗಳು ಅದನ್ನೇ ಎತ್ತಿಕೊಂಡು ಏಳು ಕಡೆಯಿಂದ ತಿರುಗಿ ಹೇಳುತ್ತಿದ್ದವು. ಜಾಲಿಯ ನೆರಳಿನಲ್ಲಿ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದ್ದ. ಕಾಶವ್ವನನ್ನು ಕಂಡು ಅವನು ಬಾಯಿ ತೆರೆದದ್ದು ಹಾಗೇ ಉಳಿಯಿತು.

"ಕರದೆಲ್ಲೋ. ಬಂದೀನಿ" ಎಂದಳು ಅವಳು.

ಅವನು ಬಂಡೆಯಿಂದ ಇಳಿದ. "ಈಗ ಬಂದೇನು?" ಎಂದ. "ಅವತ್ತು ನನ್ನ ಒಂದ ಒಂದು ಕೂಗು ನಿನಗ ಹೊತ್ತಿಗೆ ಮುಟ್ಟಲಿಲ್ಲ. ನನ್ನ ಹೆಂಡ್ತಿ ದಾರಿ ನೋಡಿ ನೋಡಿ ಹೋದ್ಲು. ನನ್ನ ಕೂಗು ಹೊತ್ತಿಗೆ ಮುಟ್ಟದ ಗೂಡಿಗೆ ಬ್ಯಾರೆ ಯಾರ ಕೂಗೂ ಮುಟ್ಟಬಾರ್ದು ಅಂತ ಕೂಗಿದ್ನಿ."

"ಊರಿಗೆ ಹೊತ್ತಿಗೇ ಮುಟ್ಟಿತ್ತು. ಗೂಡಿಗೆ ತಡಾ ಮುಟ್ಟಿತು" ಎಂದು ನಾನು ಮುಂದೆ ಬಂದೆ. "ತಡಾ ಮಾಡಿದಾಕಿ ನಾನು. ಚಿಲಕದ ಮುಂದ ನಿಂತು ಜಗಳಾಡಿದೆ. ಕಾಶವ್ವಂದು ಏನೂ ತಪ್ಪಿಲ್ಲ."

ಅವನು ನನ್ನನ್ನು ನೋಡಿದ. ಬೈಯುತ್ತಾನೆ, ಕಲ್ಲು ಎತ್ತುತ್ತಾನೆ ಎಂದುಕೊಂಡೆ. "ಎಷ್ಟೊತ್ತು?" ಎಂದು ಕೇಳಿದ.

"ಒಂದು ರೊಟ್ಟಿ ಬಡದು ಬೇಯಿಸೂವಷ್ಟು."

ಅವನು ತುಟಿ ಅಲುಗಿಸುತ್ತ ಆ ಹೊತ್ತನ್ನು ಅಳೆದು ನೋಡಿದಂತಿತ್ತು. ಆಮೇಲೆ, "ನೀ ಅತ್ಲಾಗ ಕೂಡು. ನಿನ್ನ ಮುಖ ನೋಡಾಕ ನನಗಾಗೂದಿಲ್ಲ" ಎಂದ. ನಾನು ದೂರ ಹೋಗಿ ಬಿಸಿಲಲ್ಲಿ ಕೂತೆ. ಅದು ನನಗೆ ಸಲ್ಲಬೇಕಾದದ್ದೇ. ಇವತ್ತಿಗೂ ಅವನು ನನ್ನ ಜೊತೆ ಮಾತಾಡಿಲ್ಲ.

ಕಾಶವ್ವ ಲಚಮವ್ವನ ಸಂಗತಿ ಹೇಳಿದಳು. ಸಾವಿರಾರು ಕಲ್ಲುಗಳ ನಡುವೆ ಅವಳ ಮನೆಯ ಕೂಗನ್ನು ಹುಡುಕಬೇಕಾದದ್ದು, ಇನ್ನೊಂದು ಗಳಿಗೆ ಕಳೆದಿದ್ದರೆ ಅವಳೂ ಉಳಿಯುತ್ತಿರಲಿಲ್ಲವೆಂಬುದು, ತಣ್ಣಗಾದ ನೂರ ಹದಿನಾಲ್ಕು ಕಲ್ಲುಗಳು. ಅವನು ತಲೆ ತಗ್ಗಿಸಿ ಕೇಳಿದ. ನಡುವೆ ಜೋಳಿಗೆ ಅಲುಗಿತು. ಹೆಣ್ಣುಕೂಸು ಎದ್ದು ಕೂತು ಸೀರೆಯ ಅಂಚಿನಿಂದ ಇಣುಕಿ ನೋಡಿತು, ಎರಡೂ ಕೈ ಮೇಲೆತ್ತಿ, ಸ್ಪಷ್ಟವಾಗಿ, "ಕಾಶಾ" ಎಂದಿತು.

ಕಾಶವ್ವ ಜೋಳಿಗೆಯ ಕಡೆ ತಿರುಗಿದಳು.

"ಆಕಿಗೆ ಅದೊಂದ ಮಾತು ಬರ್ತೈತಿ" ಎಂದ ಬರಮಪ್ಪ. "ಹಸದ್ರೂ ಅದ. ನಗು ಬಂದ್ರೂ ಅದ. ನನಗೂ ಹಂಗ ಕರೀತಾಳ." ಹೇಳುತ್ತ ಹೇಳುತ್ತ ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕುಸಿದ. ಸದ್ದು ಬರಲಿಲ್ಲ, ಬೆನ್ನಷ್ಟೇ ಅಲುಗುತ್ತಿತ್ತು.

ಕಾಶವ್ವ ಕೂಸನ್ನು ಎತ್ತಿಕೊಂಡಳು. ಕೂಸು ಹುಟ್ಟಿದ ದಿನ ಆ ಕೈಗಳೇ ಅದನ್ನು ಎತ್ತಿದ್ದು. ಕಿವಿ ನೋಡಿದಳು, ನಾಲಿಗೆ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು. ಗಂಟಿನಿಂದ ಎಣ್ಣೆ ತೆಗೆದು ಮೈಗೆ ತಿಕ್ಕಿದಳು. ಬರಮಪ್ಪ ಬಹಳ ಹೊತ್ತಿನ ಮೇಲೆ ಎದ್ದು ಕಣಿವೆಗೆ ಬೆನ್ನು ಹಾಕಿ, ಮೂರು ಕಲ್ಲು ಹೂಡಿ, ನೀರು ಕಾಯಿಸಲು ಪುಳ್ಳೆ ತಂದ.

ಹೊತ್ತು ಇರುವಾಗಲೇ ನಾವು ಇಳಿಯತೊಡಗಿದೆವು. ಬರಮಪ್ಪ ಕೂಸನ್ನು ಹೆಗಲಿಗೆ ಹಾಕಿಕೊಂಡು ಇಳಿಜಾರಿನ ಅಂಚಿನವರೆಗೆ ಬಂದ. ಕೂಸು ಅಪ್ಪನ ಹೆಗಲ ಮೇಲಿಂದ ಕೈ ಬೀಸುತ್ತ ಕರೆಯುತ್ತಲೇ ಇತ್ತು, "ಕಾಶಾ, ಕಾಶಾ". ಹತ್ತು ಹೆಜ್ಜೆ ಇಳಿದಿರಲಿಲ್ಲ, ನನ್ನ ಹಿಮ್ಮಡಿಗೆ ಏನೋ ತಾಗಿತು. ನೋಡಿದರೆ ಜೋಳದ ಕಾಳಿನಷ್ಟು ಸಣ್ಣ ಕಲ್ಲು. ಅದರ ಹಿಂದೆ ಇನ್ನೊಂದು. ಹದಿನೇಳು ವರ್ಷ ಕಲ್ಲು ಹೊತ್ತವಳು ನಾನು, ಕೂಗು ಹುಟ್ಟಿದ ಜಾಗದಲ್ಲೇ ಅದು ಕಲ್ಲಾಗಿ ಉರುಳುವುದನ್ನು ಎಂದೂ ಕಂಡಿರಲಿಲ್ಲ. ಬಿಸಿಲಿಗೆ ಹೊಳೆಯುತ್ತ, ಪುಟಿಯುತ್ತ, ನಮ್ಮ ಕಾಲುಗಳ ನಡುವೆ ನುಸುಳಿ ಊರಿನ ಕಡೆಗೆ ಹೊರಟಿದ್ದವು. ಅಭ್ಯಾಸಬಲದಿಂದ ಎತ್ತಲು ಬಾಗಿದೆ.

"ಬಿಡವಾ, ನಾನ ಎತ್ಕೋತೀನಿ" ಎಂದಳು ಕಾಶವ್ವ. ಮಂಡಿಗೆ ಕೈ ಊರಿ, ನಿಧಾನವಾಗಿ ಬಗ್ಗಿ, ಒಂದು ಕಾಳನ್ನು ಎತ್ತಿ ಕಿವಿಗೆ ಹಿಡಿದಳು. ಹಿಡಿದವಳು, ಮೇಲೆ ಕೈ ಬೀಸುತ್ತಿದ್ದ ಕೂಸಿನ ಕಡೆ ತಿರುಗಿ ಅಲ್ಲೇ ನಿಂತಳು.